ದಯೆಯ ಕುರ್ಚಿ, ಹಕ್ಕಿನ ಕುರ್ಚಿ

ಹೆಂಗಸರು ರಾಜಕೀಯಕ್ಕೆ ಬರಬೇಕು ಅನ್ನುವ ವಿಷಯದಲ್ಲಿ ನಮ್ಮ ಯಾವ ಪಕ್ಷಕ್ಕೂ ತಕರಾರಿಲ್ಲ ನೋಡಿ. ಭಾಷಣ ಕೇಳಿದರೆ ಕೇಳಿದವರ ಕಣ್ಣು ತುಂಬಬೇಕು, ಹಾಗೆ ಮಾತಾಡುತ್ತಾರೆ. ತಕರಾರು ಶುರುವಾಗೋದು ಟಿಕೆಟ್ ಹಂಚುವ ದಿನ. "ಗೆಲ್ಲುವ ಅಭ್ಯರ್ಥಿ ಬೇಕಲ್ಲ..." ಅಂತ ಒಬ್ಬರು ರಾಗ ಎಳೆದರೆ ಸಾಕು, ಪಟ್ಟಿಯಲ್ಲಿದ್ದ ಹೆಂಗಸರ ಹೆಸರು ಒಂದೊಂದಾಗಿ ಮಾಯ. 2024ರ ಲೋಕಸಭಾ ಚುನಾವಣೆಯಲ್ಲಿ 543 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು 74. ನಮ್ಮ ಕರ್ನಾಟಕದ 28ರಲ್ಲಿ ಮೂವರು. ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ದಾಟಿದ ಮೇಲಿನ ಲೆಕ್ಕ ಇದು.

ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಮಾರ್ಗರೆಟ್ ಆಳ್ವ. ನಾನು ಉತ್ತರ ಕನ್ನಡದವಳು, ಮುಂಬಯಿಗೆ ಬಂದು ಮೂವತ್ತೈದು ವರ್ಷ ಆಯಿತು. ಅವರಿಗೆ ಒಂದು ಸಲವೂ ವೋಟು ಹಾಕುವ ಅವಕಾಶ ನನಗೆ ಬಂದಿಲ್ಲ. ಅವರ ಪಕ್ಷದ ವಕಾಲತ್ತು ವಹಿಸಲೂ ನಾನು ಕೂತಿಲ್ಲ. ಆದರೂ ಹೇಳುತ್ತೇನೆ, ಆಕೆಯನ್ನು ನೆನೆಯಬೇಕಾದದ್ದು ಆಕೆ ಕೂತ ಕುರ್ಚಿಗಳಿಗಾಗಿ ಅಲ್ಲ, ಬೇರೆಯವರಿಗೆ ಕುರ್ಚಿ ಹಾಕಿಸಿದ್ದಕ್ಕಾಗಿ.

ಮಂಗಳೂರಿನಲ್ಲಿ 1942ರಲ್ಲಿ ಹುಟ್ಟಿದ ಮಾರ್ಗರೆಟ್ ನಜರೆತ್ ಬೆಂಗಳೂರಿನ ಮೌಂಟ್ ಕಾರ್ಮೆಲ್‌ನಲ್ಲಿ ಬಿ.ಎ. ಮುಗಿಸಿ ಅಲ್ಲೇ ಸರ್ಕಾರಿ ಲಾ ಕಾಲೇಜಿನಲ್ಲಿ ಓದಿ ವಕೀಲೆಯಾದವರು. 1964ರಲ್ಲಿ ನಿರಂಜನ ಆಳ್ವರನ್ನು ಮದುವೆಯಾಗಿ ಸೇರಿದ ಮನೆಯೋ, ಅದು ಆಗಲೇ ದಿಲ್ಲಿಯಲ್ಲಿ ಹೆಸರು ಮಾಡಿದ್ದ ಮನೆ. ಮಾವ ಜೋಕಿಂ ಆಳ್ವ ನಮ್ಮ ಕೆನರಾದಿಂದ 1952, 1957, 1962, ಹೀಗೆ ಮೂರು ಸಲ ಲೋಕಸಭೆಗೆ ಗೆದ್ದವರು. ಅತ್ತೆ ವಯಲೆಟ್ ಆಳ್ವ.

ಈ ಅತ್ತೆಯ ಬಗ್ಗೆ ಮುಂಬಯಿ ಕನ್ನಡಿಗರು ಸ್ವಲ್ಪ ಹೆಚ್ಚೇ ತಿಳಿದಿರಬೇಕು, ಯಾಕೆಂದರೆ ಅವರು ಬೆಳೆದದ್ದು ನಮ್ಮ ಈ ಊರಿನಲ್ಲಿ. ಹುಟ್ಟಿದ್ದು ಅಹಮದಾಬಾದಿನ ಗುಜರಾತಿ ಕ್ರೈಸ್ತ ಕುಟುಂಬದಲ್ಲಿ, ಓದಿದ್ದು ಇಲ್ಲಿಯ ಸೇಂಟ್ ಝೇವಿಯರ್ಸ್ ಮತ್ತು ಸರ್ಕಾರಿ ಲಾ ಕಾಲೇಜಿನಲ್ಲಿ. ಸ್ವಾತಂತ್ರ್ಯ ಹೋರಾಟದಲ್ಲಿ 1943ರಲ್ಲಿ ಕೈಗೂಸನ್ನು ಎತ್ತಿಕೊಂಡೇ ಆರ್ಥರ್ ರೋಡ್ ಜೈಲಿಗೆ ಹೋದರು. ಮರುವರ್ಷ, ಅಂದರೆ 1944ರಲ್ಲಿ, ಹೈಕೋರ್ಟಿನ ಪೂರ್ಣಪೀಠದ ಎದುರು ವಾದ ಮಾಡಿದ ದೇಶದ ಮೊದಲ ವಕೀಲೆ ಅನ್ನಿಸಿಕೊಂಡರು. ಆಮೇಲೆ 1952ರಲ್ಲಿ ರಾಜ್ಯಸಭೆ, 1957ರಲ್ಲಿ ಗೃಹ ಖಾತೆಯ ಉಪಮಂತ್ರಿ, 1962ರಿಂದ ರಾಜ್ಯಸಭೆಯ ಉಪಸಭಾಪತಿ. 1969ರಲ್ಲಿ ಅವರ ಹೆಸರು ಉಪರಾಷ್ಟ್ರಪತಿ ಸ್ಥಾನಕ್ಕೆ ಕೇಳಿಬಂತು. ಇಂದಿರಾ ಗಾಂಧಿಯವರ ಬೆಂಬಲ ಸಿಗಲಿಲ್ಲ. ಆ ವರ್ಷದ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು, ಕೊಟ್ಟ ಕೆಲವೇ ದಿನಗಳಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು.

ಈ ದಂಪತಿಯಲ್ಲಿ ಗಂಡ ಗೆದ್ದದ್ದು ಜನರ ವೋಟಿನಿಂದ ಲೋಕಸಭೆಗೆ. ಹೆಂಡತಿ ಹೋದದ್ದು ಪಕ್ಷದ ಆಯ್ಕೆಯಿಂದ ರಾಜ್ಯಸಭೆಗೆ. ವಾದದಲ್ಲಿ, ಓದಿನಲ್ಲಿ, ಜೈಲಿನಲ್ಲಿ ಗಂಡನಿಗೆ ಸರಿಸಮ ನಿಂತವರಿಗೂ ಕ್ಷೇತ್ರ ಅಂತ ಒಂದು ಸಿಗಲಿಲ್ಲ.

ಸೊಸೆಯ ಕತೆಯೂ ಹೆಚ್ಚು ಬೇರೆಯಲ್ಲ. ಮಾರ್ಗರೆಟ್ 1974ರಲ್ಲಿ, ಇನ್ನೂ ಮೂವತ್ತೆರಡರ ವಯಸ್ಸಿನಲ್ಲಿ, ರಾಜ್ಯಸಭೆ ಪ್ರವೇಶಿಸಿದರು. ಅಲ್ಲೇ ಸತತ ನಾಲ್ಕು ಅವಧಿ, 1998ರ ತನಕ, ಇಪ್ಪತ್ತನಾಲ್ಕು ವರ್ಷ! ಸಚಿವೆಯೂ ಆದರು. ಜನರಿಂದ ನೇರವಾಗಿ ಗೆದ್ದದ್ದು ಮಾತ್ರ ಒಂದೇ ಸಲ, 1999ರಲ್ಲಿ ಉತ್ತರ ಕನ್ನಡದಿಂದ. 2004ರಲ್ಲಿ ಅನಂತಕುಮಾರ ಹೆಗಡೆಯವರ ಎದುರು ಸೋತರು, 2009ರಲ್ಲೂ ಸೋತರು.

"ಹಾಗಾದರೆ ಹಿಂಬಾಗಿಲಿನಿಂದ ಬಂದವರು ತಾನೆ?" ಅಂತ ಕೇಳುವವರಿದ್ದಾರೆ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತವರು ಯಾರು ಅಂತಲೂ ಒಮ್ಮೆ ಕೇಳಿಕೊಳ್ಳಬೇಕಲ್ಲವೆ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ರಾಜೀವ್ ಗಾಂಧಿ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆ ಈಕೆಯ ಕೈಯಲ್ಲಿತ್ತು. ಆಗ, 1988ರಲ್ಲಿ, ಮಹಿಳೆಯರಿಗಾಗಿ 2000ದ ತನಕದ ಒಂದು ರಾಷ್ಟ್ರೀಯ ಯೋಜನೆ ತಯಾರಾಯಿತು. ಪಂಚಾಯತಿಗಳಲ್ಲಿ ಶೇಕಡಾ 30 ಸ್ಥಾನ ಹೆಂಗಸರಿಗೆ ಮೀಸಲಿಡಬೇಕು ಅನ್ನುವ ಶಿಫಾರಸು ಅದರಲ್ಲಿತ್ತು. 1989ರ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಕೊನೆಗೆ ನರಸಿಂಹರಾವ್ ಕಾಲದಲ್ಲಿ 73 ಮತ್ತು 74ನೆಯ ತಿದ್ದುಪಡಿಗಳಾಗಿ, 1993ರಲ್ಲಿ ಜಾರಿಗೆ ಬಂತು. ಪಂಚಾಯತಿ, ನಗರಸಭೆ, ಮಹಾನಗರಪಾಲಿಕೆ ಎಲ್ಲ ಕಡೆ ಮೂರನೇ ಒಂದಕ್ಕಿಂತ ಕಡಿಮೆಯಿಲ್ಲದಷ್ಟು ಸ್ಥಾನ ಹೆಂಗಸರಿಗೆ.

ಪೂರ್ತಿ ಶ್ರೇಯಸ್ಸು ಒಬ್ಬರಿಗೇ ಕೊಡುವುದು ನ್ಯಾಯವಲ್ಲ. ನಮ್ಮ ರಾಜ್ಯದಲ್ಲೇ ರಾಮಕೃಷ್ಣ ಹೆಗಡೆ ಮತ್ತು ನಜೀರ್ ಸಾಬ್ 1983ರ ಕಾಯ್ದೆಯಲ್ಲಿ ಹೆಂಗಸರಿಗೆ ಕಾಲು ಭಾಗ ಇಟ್ಟು, 1987ರಲ್ಲಿ ಚುನಾವಣೆ ನಡೆಸಿ ತೋರಿಸಿದ್ದರು. ಆದರೆ ದಿಲ್ಲಿಯಲ್ಲಿ ಅಧಿಕಾರದ ಒಳಗೆ ಕೂತು ಈ ಮಾತನ್ನು ಕಾಗದಕ್ಕೆ ಇಳಿಸುವ ಕೆಲಸದಲ್ಲಿ ಮಾರ್ಗರೆಟ್ ಆಳ್ವರ ಪಾಲು ದೊಡ್ಡದು.

ಇಲ್ಲಿ ನನಗೆ ಕಾಣುವುದು ವಕೀಲೆಯ ಬುದ್ಧಿ. ಬಾಯಿಮಾತಿನ ಭರವಸೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ, ಬರಹದಲ್ಲಿದ್ದರೆ ಮಾತ್ರ ಬೆಲೆ. ದಯೆಯಿಂದ ಕೊಟ್ಟದ್ದನ್ನು ಕೊಟ್ಟವರು ನಾಳೆ ವಾಪಸು ಕೇಳಬಹುದು. ಕಾನೂನಿನಲ್ಲಿ ಬರೆದದ್ದನ್ನು ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ.

ಅವರ ಬದುಕೇ ಇದಕ್ಕೆ ಸಾಕ್ಷಿ ಹೇಳುತ್ತದೆ. 2008ರಲ್ಲಿ ಕರ್ನಾಟಕ ವಿಧಾನಸಭೆ ಚುನಾವಣೆಗೆ ಮಗನಿಗೆ ಟಿಕೆಟ್ ಸಿಗದಿದ್ದಾಗ, ಟಿಕೆಟ್‌ಗಳು ಮಾರಾಟವಾಗಿವೆ ಅಂತ ಬಹಿರಂಗವಾಗಿಯೇ ಹೇಳಿಬಿಟ್ಟರು. ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನ ಹೋಯಿತು. ಮಗನಿಗಾಗಿ ಆಡಿದ ಮಾತು ಅನ್ನುವ ಟೀಕೆಯಲ್ಲಿ ಹುರುಳಿದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಅವರಿಗೇ ಮೊದಲ ಮೆಟ್ಟಿಲು ಸಿಕ್ಕಿದ್ದರಲ್ಲಿ ಆಳ್ವ ಮನೆತನದ ಹೆಸರಿನ ಪಾಲೂ ಇತ್ತಲ್ಲ. ಆದರೆ ಮೂರು ದಶಕಕ್ಕೂ ಮೇಲಿನ ದುಡಿಮೆಯಿದ್ದವರ ಸ್ಥಾನ ಒಂದು ಮಾತಿಗೆ ಹೋಗುತ್ತದೆ ಅಂದರೆ ಅದು ಎಂಥಾ ಸ್ಥಾನ? ಆಮೇಲೆ ಉತ್ತರಾಖಂಡದ, ನಂತರ ರಾಜಸ್ಥಾನದ ರಾಜ್ಯಪಾಲರಾದರು. ಅದೂ ಹಾಗೇ, ಸಂವಿಧಾನದ ಪ್ರಕಾರವೇ ರಾಷ್ಟ್ರಪತಿಗಳ ಇಚ್ಛೆ ಇರುವ ತನಕ ಮಾತ್ರ ಉಳಿಯುವ ಹುದ್ದೆ. 2022ರಲ್ಲಿ ಪ್ರತಿಪಕ್ಷಗಳು ಉಪರಾಷ್ಟ್ರಪತಿ ಚುನಾವಣೆಗೆ ನಿಲ್ಲಿಸಿದವು. ಗೆಲ್ಲುವ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಜಗದೀಪ್ ಧನ್‌ಕರ್ ಅವರಿಗೆ 528, ಇವರಿಗೆ 182. ಗೆಲ್ಲಬಹುದಾಗಿದ್ದ ಕಾಲದಲ್ಲಿ ಅತ್ತೆಗೆ ತಪ್ಪಿದ ಅವಕಾಶ, ಐವತ್ತಮೂರು ವರ್ಷದ ಮೇಲೆ ಸೊಸೆಗೆ ಸೋಲುವುದಕ್ಕೆ ಸಿಕ್ಕಿತು!

ಈಗ ಇನ್ನೊಂದು ಕಡೆ ನೋಡಿ. ದೇಶದ ಪಂಚಾಯತಿಗಳಲ್ಲಿ ಇವತ್ತು ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರು ಚುನಾಯಿತ ಸದಸ್ಯರು. ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳು ಮೀಸಲನ್ನು ಅರ್ಧಕ್ಕೆ ಏರಿಸಿವೆ. 2012ರ ಮುಂಬಯಿ ಮಹಾನಗರಪಾಲಿಕೆ ಚುನಾವಣೆಯಲ್ಲಿ 227 ವಾರ್ಡುಗಳಲ್ಲಿ 114 ಹೆಂಗಸರಿಗೆ ಮೀಸಲಿದ್ದವು. ಯಾವ ಹೈಕಮಾಂಡ್ ಮುನಿಸಿಕೊಂಡರೂ ಆ ಸಂಖ್ಯೆ ಕಡಿಮೆಯಾಗುವುದಿಲ್ಲ.

"ಅಯ್ಯೋ, ಹೆಸರು ಹೆಂಡತಿಯದು, ದರ್ಬಾರು ಗಂಡನದು" ಅನ್ನುವುದು ಹಳೆಯ ತಕರಾರು. ಸುಳ್ಳಲ್ಲ. ನಮ್ಮ ವಾರ್ಡಿನಲ್ಲೂ ಮೊದಲ ವರ್ಷ ಕಾರ್ಪೊರೇಟರ್ ಬಾಯಿಯ ಗಂಡನೇ ಎಲ್ಲದಕ್ಕೂ ಮುಂದೆ. ಎರಡನೆಯ ಮಳೆಗಾಲ ಬರುವಷ್ಟರಲ್ಲಿ ಗಟಾರ ತುಂಬಿ ನೀರು ಚಾಳಿಗೆ ನುಗ್ಗಿದಾಗ ಸೀರೆ ಎತ್ತಿಕಟ್ಟಿ ನಿಂತು ಎಂಜಿನಿಯರನ್ನು ತರಾಟೆಗೆ ತೆಗೆದುಕೊಂಡವರು ಆಕೆಯೇ. ಗಂಡ ಛತ್ರಿ ಹಿಡಿದು ಹಿಂದೆ ನಿಂತಿದ್ದರು. ಈಜು ಕಲಿಯುವುದಕ್ಕೆ ಮೊದಲು ನೀರಿಗಿಳಿಯಲು ಬಿಡಬೇಕು, ಅಷ್ಟೆ. ಅಲ್ಲದೆ ಧಣಿಗಳ, ಗುತ್ತಿಗೆದಾರರ ಕೈಗೊಂಬೆಯಾದ ಗಂಡಸು ಸದಸ್ಯರನ್ನು ನಾವು ಯಾವತ್ತಾದರೂ ಲೆಕ್ಕ ಹಾಕಿದ್ದೇವೆಯೆ?

ಮೇಲಿನ ಮನೆಗಳ ಕತೆ ಮಾತ್ರ ಕುಂಟುತ್ತಲೇ ಬಂತು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮೀಸಲಿಡುವ ಮಸೂದೆಯನ್ನು ಮೊದಲು ತಂದದ್ದು 1996ರಲ್ಲಿ ನಮ್ಮ ದೇವೇಗೌಡರ ಸರ್ಕಾರ. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ಮತಕ್ಕೇ ಬರಲಿಲ್ಲ. 2023ರಲ್ಲಿ ಎರಡೂ ಸದನ ಒಪ್ಪಿದವು, ಲೋಕಸಭೆಯಲ್ಲಿ ವಿರುದ್ಧ ಬಿದ್ದದ್ದು ಎರಡೇ ಮತ. ಆದರೆ ಜನಗಣತಿಯಾಗಿ, ಕ್ಷೇತ್ರ ಮರುವಿಂಗಡಣೆಯಾದ ಮೇಲೆ ಜಾರಿ ಅನ್ನುವ ಷರತ್ತಿನ ಜೊತೆಗೇ ಅದು ಬಂತು. ಊಟಕ್ಕೆ ಕರೆದು, ಭತ್ತ ಬಿತ್ತಿದ್ದೇವೆ ಕೂತಿರಿ ಅಂದ ಹಾಗೆ.

ಇಷ್ಟೆಲ್ಲ ದಿಲ್ಲಿಯ ಮಾತಾಯಿತು. ನಮ್ಮ ಮನೆಯಂಗಳದ ಮಾತಾಡೋಣ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್... ಎಲ್ಲಿ ನಾಲ್ಕು ಕನ್ನಡಿಗರ ಮನೆ ಇದೆಯೋ ಅಲ್ಲೊಂದು ಕನ್ನಡ ಸಂಘ ಇರುತ್ತದೆ. ಸಂಘದಲ್ಲೊಂದು ಮಹಿಳಾ ವಿಭಾಗ. ಅರಿಸಿನ ಕುಂಕುಮ, ರಂಗೋಲಿ ಸ್ಪರ್ಧೆ, ರಾಜ್ಯೋತ್ಸವಕ್ಕೆ ಸ್ವಾಗತಗೀತೆ, ಇನ್ನೂರು ಜನರಿಗೆ ಉಪ್ಪಿಟ್ಟು ಕೇಸರಿಬಾತು ಎಲ್ಲ ನಮ್ಮ ಪಾಲಿಗೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ? ಅದು ಅವರ ಪಾಲಿಗೆ. ನಾನು ಸದಸ್ಯೆಯಾಗಿರುವ ಸಂಘದಲ್ಲಿ ಇಷ್ಟು ವರ್ಷದಲ್ಲಿ ಒಬ್ಬ ಹೆಂಗಸೂ ಖಜಾಂಚಿಯಾಗಿಲ್ಲ. ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಲೆಕ್ಕ ನೋಡಿ ರಿಟೈರಾದವರು ಎಷ್ಟೋ ಜನ ನಮ್ಮಲ್ಲಿದ್ದಾರೆ. ಕೇಳಿದರೆ "ನೀವು ಬನ್ನಿ ಮೇಡಂ, ಬೇಡ ಅಂದವರ್ಯಾರು?" ಅನ್ನುತ್ತಾರೆ. ಇದೇ ನೋಡಿ ದಯೆಯ ಭಾಷೆ!

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಕಮಿಟಿಯಲ್ಲಿ ಇಬ್ಬರು ಹೆಂಗಸರಿಗೆ ಸ್ಥಾನ ಮೀಸಲು ಅಂತ ಸಹಕಾರಿ ಕಾಯ್ದೆಯಲ್ಲೇ ಇದೆ. ನೀರಿನ ಟ್ಯಾಂಕ್ ತೊಳೆಸುವ ಕಮಿಟಿಗೆ ಇರುವ ನಿಯಮ ಕನ್ನಡ ಕಟ್ಟುವ ಸಂಘಕ್ಕೆ ಯಾಕಿರಬಾರದು? ಈ ಸಲದ ವಾರ್ಷಿಕ ಸಭೆಯಲ್ಲಿ ನಾನೊಂದು ಠರಾವು ಮಂಡಿಸುವವಳಿದ್ದೇನೆ. ಕಾರ್ಯಕಾರಿ ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರು, ಮೂರು ಮುಖ್ಯ ಹುದ್ದೆಗಳಲ್ಲಿ ಒಂದಾದರೂ ಹೆಂಗಸಿಗೆ, ಮತ್ತು ಅದು ಬೈಲಾದಲ್ಲಿ ಅಚ್ಚಾಗಬೇಕು. ಅನುಮೋದಿಸುವುದಕ್ಕೆ ಒಂದು ಕೈ ಬೇಕು. ನಿಮ್ಮ ನಿಮ್ಮ ಊರಿನ ಸಂಘದ ಬೈಲಾವನ್ನೂ ಒಮ್ಮೆ ತೆಗೆದು ಓದಿ ನೋಡಿ. ಉಪ್ಪಿಟ್ಟು ಯಾರು ಬೇಕಾದರೂ ಕೆದಕಬಹುದು, ಬೈಲಾ ಏನೂ ಅಡ್ಡಿ ಮಾಡುವುದಿಲ್ಲ.