ಕತಾರ್ ಪತ್ರ – 17: ನೊಣ, ಇಲಿ ಮತ್ತು ಚಿಕ್ಕಪ್ಪನ ಪ್ರಶ್ನೆ

ನೈಟ್ ಡ್ಯೂಟಿ ಮುಗಿಸಿ ಬಂದು, ಕಾಫಿ ಕುಡಿಯುತ್ತಾ ಬರೆಯುತ್ತಿದ್ದೇನೆ.

ಹೋದ ಶುಕ್ರವಾರ ಫೋನಿನಲ್ಲಿ ಚಿಕ್ಕಪ್ಪ ಕೇಳಿದರು: "ಅಲ್ಲಮ್ಮಾ, ನೊಣ, ಇಲಿ, ಹುಳದ ಜೀನ್ ಲೆಕ್ಕ ಬರೆದಿಡೋಕೆ ಕೋಟಿಗಟ್ಟಲೆ ಸುರೀತಾರಂತೆ. ನಮ್ಮೂರ ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲ. ಇದೆಲ್ಲ ಬೇಕಾ?" ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಕತಾರಿನಲ್ಲಿ ಹೋಮೋಸಿಸ್ಟಿನೂರಿಯಾ ಎಂಬ ಕಾಯಿಲೆ ಇದೆ. ಬೇರೆ ದೇಶಗಳಲ್ಲಿ ಬಲು ಅಪರೂಪ. ಇಲ್ಲಿನ ಕತಾರಿಗಳಲ್ಲಿ ಸುಮಾರು 1,800 ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಸಿಬಿಎಸ್ ಎಂಬ ಜೀನ್ ಕೆಟ್ಟರೆ ಹೋಮೋಸಿಸ್ಟೀನ್ ರಕ್ತದಲ್ಲಿ ಏರುತ್ತದೆ. ಕಣ್ಣಿನ ಮಸೂರ ಜಾರಬಹುದು, ರಕ್ತ ಹೆಪ್ಪುಗಟ್ಟಬಹುದು, ಮಗುವಿನ ಬುದ್ಧಿ ಬೆಳೆಯದೇ ಉಳಿಯಬಹುದು. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆ ಮಾಡಿ ಪಥ್ಯ ಶುರುಮಾಡಿದರೆ ಮಗು ಚೆನ್ನಾಗಿ ಬೆಳೆಯುತ್ತದೆ. ಅದಕ್ಕೇ 2003ರಿಂದ ಇಲ್ಲಿ ಹಸುಗೂಸುಗಳ ಹಿಮ್ಮಡಿ ಚುಚ್ಚಿ ರಕ್ತ ಪರೀಕ್ಷೆ ಮಾಡುತ್ತಾರೆ.

ಈ ಜೀನ್ ನಮ್ಮಲ್ಲಿ ಮಾತ್ರ ಇಲ್ಲ. ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲೂ ಇದೆ, ಅಲ್ಲಿ ಇದರ ಹೆಸರು ಸಿವೈಎಸ್4. ಹುಳದಲ್ಲಿ ಸಿಬಿಎಸ್-1. ಜೀಬ್ರಾಮೀನಿನಲ್ಲಿ ಒಂದರ ಬದಲು ಎರಡಿವೆ. ಯೀಸ್ಟಿನ ಜೀನ್ ತೆಗೆದು ಮನುಷ್ಯರದ್ದನ್ನು ಹಾಕಿದರೂ ಯೀಸ್ಟ್ ಬೆಳೆಯುತ್ತದೆ ಎಂದು 1994ರಲ್ಲೇ ತೋರಿಸಿದ್ದರು. ಅಂದರೆ ರೋಗಿಯಲ್ಲಿ ಕಂಡ ಬದಲಾವಣೆ ನಿಜಕ್ಕೂ ಕೆಡುಕು ಮಾಡುತ್ತದೋ ಇಲ್ಲವೋ ಎಂದು ಯೀಸ್ಟಿನಲ್ಲೇ ಪರೀಕ್ಷಿಸಬಹುದು. ಕತಾರಿಗಳಲ್ಲಿ ಕಾಣುವ ಆರ್336ಸಿ ಎಂಬ ಬದಲಾವಣೆಯನ್ನು ಇಲಿಗಳಿಗೆ ಸೇರಿಸಿ ಮಾಡಿದ ಅಧ್ಯಯನವೂ 2019ರಲ್ಲಿ ಪ್ರಕಟವಾಯಿತು.

ಯೀಸ್ಟಿನವರು ಒಂದು ಕಡೆ, ಇಲಿಯವರು ಇನ್ನೊಂದು ಕಡೆ, ಮೀನಿನವರು ಮತ್ತೊಂದು ಕಡೆ ಬೇರೆ ಬೇರೆ ಹೆಸರಿನಲ್ಲಿ ಬರೆದಿಟ್ಟರೆ ಮಗುವಿನ ಡಾಕ್ಟರಿಗೆ ಸಿಗುವುದು ಹೇಗೆ?

ನಮ್ಮ ವಾರ್ಡಿನಲ್ಲಿ ಇದು ದಿನದ ಕಷ್ಟ. ಮೂವರು ಮೊಹಮ್ಮದ್, ಮೂವರದೂ ಬೇರೆ ಸ್ಪೆಲಿಂಗ್. ಕೈಪಟ್ಟಿಯ ನಂಬರ್ ನೋಡದೆ ನಾವು ಮಾತ್ರೆ ಕೊಡುವುದಿಲ್ಲ. ನನ್ನದೇ ಕಥೆ ನಿಮಗೆ ಗೊತ್ತಲ್ಲ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಇಬ್ಬರೂ ಒಬ್ಬಳೇ ಎಂದು ಒಪ್ಪಿಸಲು ಎರಡು ತಿಂಗಳು ಹೋಯಿತು.

ಜೀನುಗಳಿಗೆ ಆ ಕೈಪಟ್ಟಿ ಕಟ್ಟುವ ಕೆಲಸಕ್ಕೇ 2016ರಲ್ಲಿ ಅಲಯನ್ಸ್ ಆಫ್ ಜೀನೋಮ್ ರಿಸೋರ್ಸಸ್ ಶುರುವಾಯಿತು. ಯೀಸ್ಟ್, ಹುಳ, ನೊಣ, ಜೀಬ್ರಾಮೀನು, ಇಲಿ, ಹೆಗ್ಗಣದ ದತ್ತಾಂಶ ಅಲ್ಲಿ ಒಂದೇ ಜಾಗಕ್ಕೆ ಬಂತು, ಆಮೇಲೆ ಕಪ್ಪೆಯದೂ ಸೇರಿತು. ಕಂಪ್ಯೂಟರ್ ಒಂದೇ ಇದನ್ನು ಮಾಡುವುದಿಲ್ಲ. ಸಂಶೋಧನಾ ಲೇಖನ ಓದಿ, ಇದು ಅದೇ ಜೀನ್ ಹೌದೋ ಅಲ್ಲವೋ ಎಂದು ತೂಗಿ ಬರೆಯುವವರು ಬೇಕು. ಅವರಿಗೆ ಸಂಬಳ ಕೊಡಬೇಕು. 2025ರಲ್ಲಿ ಅಮೆರಿಕದಲ್ಲಿ ಅನುದಾನ ನಿಂತಾಗ ನೊಣದ ಫ್ಲೈಬೇಸ್ ದೇಣಿಗೆ ಕೇಳಬೇಕಾಯಿತು. ಚಾರ್ಟ್ ಬರೆಯುವ ನರ್ಸನ್ನು ತೆಗೆದು ರೋಗಿಗೆ ಏನೂ ಆಗುವುದಿಲ್ಲ ಅಂದ ಹಾಗೆ ಇದು.

ಚಿಕ್ಕಪ್ಪನ ಸಿಟ್ಟು ಸುಳ್ಳಲ್ಲ. ಮಾತ್ರೆ ಮೊದಲು ಬೇಕು, ಒಪ್ಪಿದೆ. ಆದರೆ ಇದು ನಮಗೆ ದೂರದ ಮಾತೂ ಅಲ್ಲ. ಇಲ್ಲಿನ ಹಾಗೆ ನಮ್ಮ ಕಡೆಯೂ ಸಂಬಂಧದಲ್ಲೇ ಮದುವೆ, ಸೋದರಮಾವನಿಗೇ ಹೆಣ್ಣು ಕೊಡುವ ರೂಢಿ. ಅಡಗಿದ ಜೀನ್ ದೋಷ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿದೆ. ದತ್ತಾಂಶ ಫರೀದಾಬಾದಿನಲ್ಲಿದೆ. ಮನುಷ್ಯರ ಮಾಹಿತಿಗೆ ಬೀಗ ಇರಲೇಬೇಕು. ಆದರೆ ನಮ್ಮವರಲ್ಲಿ ಕಂಡ ಬದಲಾವಣೆಯನ್ನು ಯೀಸ್ಟ್, ನೊಣ, ಇಲಿಯ ಲೆಕ್ಕದ ಜೊತೆ ತಾಳೆ ನೋಡುವವರಿಗೂ ದುಡ್ಡು ಇಡಬೇಕು. ಇಲ್ಲದಿದ್ದರೆ ಅದು ಬೀರುವಿನಲ್ಲಿಟ್ಟ ರಿಪೋರ್ಟ್.

ನಮ್ಮಿಂದ ಆಗುವುದೂ ಒಂದಿದೆ. ಮನೆಯಲ್ಲಿ ಸಂಬಂಧದ ಮದುವೆ ಆಗಿದ್ದರೆ, ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳಿದ್ದರೆ, ಬಸುರಿಯನ್ನು ಕರೆದುಕೊಂಡು ಹೋದಾಗ ಡಾಕ್ಟರಿಗೆ ಮುಚ್ಚಿಡಬೇಡಿ. ಅದೂ ಒಂದು ದಾಖಲೆಯೇ.

ಚಿಕ್ಕಪ್ಪಾ, ಓದಿ ಫೋನ್ ಮಾಡಿ. ಈ ಶುಕ್ರವಾರ ನನಗೆ ರಜೆ.