ಆಯಿ ಹೆಸರು ಎಲ್ಲಿ ಹೋಯಿತು?

ಮಕ್ಕಳೇ, ಈ ವಾರ ನಮ್ಮ ಮನೆಯಲ್ಲೇ ನಡೆದ ಒಂದು ಪತ್ತೇದಾರಿ ಕಥೆ. ಓದಿ ಮುಗಿಸಿ ಮುತ್ಯಾನಿಗೋ ಆಯಿಗೋ ಕೊಡಿ. ಕೊನೆಯಲ್ಲಿ ಅವರಿಗೂ ಒಂದು ಕೆಲಸವಿದೆ.

ಬೇಸಿಗೆ ರಜೆಯಲ್ಲಿ ನನ್ನ ಮಗ ಬೀದರಿನಿಂದ ಭಾಲ್ಕಿಗೆ, ಆಯಿ ಮನೆಗೆ ಹೋಗಿದ್ದ. ಆಯಿಗೆ ಬೀಸುವ ಪದ, ಜೋಗುಳ, ಸೋಬಾನೆ ಎಲ್ಲ ಬಾಯಿಪಾಠ. ದಿನಕ್ಕೆರಡು ಹಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ. ರಜೆ ಮುಗಿಯುವಷ್ಟರಲ್ಲಿ 42 ಹಾಡುಗಳಾದವು. ಹಾಡು ಕೇಳುವ ಆ್ಯಪ್‌ನಲ್ಲಿ ಪ್ರತಿಯೊಂದಕ್ಕೂ ಹಾಡಿನ ಹೆಸರು, ಹಾಡಿದವರ ಹೆಸರು, ಆಯಿಗೆ ಅದನ್ನು ಕಲಿಸಿದವರ ಹೆಸರು ಟೈಪ್ ಮಾಡಿದ. ಒಂದು ಬೀಸುವ ಪದವನ್ನು ಆಯಿ ತನ್ನ ಸೋದರತ್ತೆಯಿಂದ ಕಲಿತಿದ್ದಳಂತೆ. ಆಕೆಯ ಮಗನಾದ ನನಗೇ ಅದು ಗೊತ್ತಿರಲಿಲ್ಲ.

ಆಮೇಲೆ ಔರಾದಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯಕ್ರಮ. ಜೋಗುಳ ಹಚ್ಚೋಣವೆಂದು ಹಾಡುಗಳನ್ನೆಲ್ಲ ಮೆಮೊರಿ ಕಾರ್ಡಿಗೆ ಹಾಕಿಕೊಂಡು, ಆಯಿಯನ್ನೂ ಕರೆದುಕೊಂಡು ಹೋದೆವು. ಲ್ಯಾಪ್‌ಟಾಪಿನಲ್ಲಿ ತೆರೆದರೆ ಹಾಡುಗಳೆಲ್ಲ ಇವೆ, ಹೆಸರು ಒಂದೂ ಇಲ್ಲ! 42 ಹಾಡುಗಳ ಮುಂದೂ ಒಂದೇ ಮಾತು: 'ಅಪರಿಚಿತ ಕಲಾವಿದರು'.

"ಯಾಕಪಾ, ನಾ ಯಾರಂತ ಈ ಡಬ್ಬಿಗಿ ಗೊತ್ತಿಲ್ಲೇನು?" ಅಂದಳು ಆಯಿ. ಎಲ್ಲರೂ ನಕ್ಕರು. ಹುಡುಗನ ಕಣ್ಣಲ್ಲಿ ಮಾತ್ರ ನೀರು. "ಖರೇನೇ ನಾ ಸೇವ್ ಮಾಡೀನಿ ಆಯಿ!"

ಅವನು ಸುಳ್ಳು ಹೇಳಿರಲಿಲ್ಲ. ಮೊಬೈಲಿನಲ್ಲಿ ಹೆಸರುಗಳು ಇದ್ದವು. ಹಾಗಾದರೆ ದಾರಿಯಲ್ಲಿ ಎಲ್ಲಿ ಬಿದ್ದುಹೋದವು?

ಹಾಡಿನ ಕಡತದೊಳಗೇ ಒಂದು ಸಣ್ಣ ಚೀಟಿಗೆ ಜಾಗವಿರುತ್ತದೆ. ಅದೇ 'ಟ್ಯಾಗ್'. ಕೆಲವು ಆ್ಯಪ್‌ಗಳು ಆ ಚೀಟಿಯನ್ನು ಮುಟ್ಟುವುದಿಲ್ಲ. ನೀವು ಟೈಪ್ ಮಾಡಿದ್ದನ್ನು ತಮ್ಮದೇ ಒಂದು ಖಾತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತವೆ. ನಮ್ಮ ಹಾಡುಗಳು ಔರಾದಿಗೆ ಬಂದವು, ಪುಸ್ತಕ ಮೊಬೈಲಿನಲ್ಲೇ ಉಳಿಯಿತು.

ಬೀದರಿನ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಬಿದ್ರಿ ಕೆಲಸದವರು ಸತು-ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗೆ ಮೊದಲು ಮೈಲುತುತ್ತದ ನೀರು ಸವರಿ ಕಪ್ಪು ಮಾಡುತ್ತಾರೆ. ಅದರ ಮೇಲೆ ಮೊನಚು ಕಡ್ಡಿಯಿಂದ ಹೂಬಳ್ಳಿ ಗೀಚುತ್ತಾರೆ. ಆ ಕಪ್ಪೂ ಆ ಗೀರೂ ಉಜ್ಜಿದರೆ ಹೋಗುವಂಥವು. ಗೀರಿನ ಗುಂಟ ಚಾಣದಿಂದ ಕೊರೆದು, ಬೆಳ್ಳಿ ತಂತಿ ಕೂರಿಸಿ, ಬಡಿದ ಮೇಲಷ್ಟೇ ಹೂಬಳ್ಳಿ ಶಾಶ್ವತ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ದ್ರಾವಣದಿಂದ ಲೋಹವೆಲ್ಲ ಕಪ್ಪಾದರೂ ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಪರದೆಯ ಮೇಲೆ ಕಾಣುವ ಹೆಸರು ಬರೀ ಗೀರು ಇರಬಹುದು. ಕಡತದೊಳಗೆ ಕೂತ ಹೆಸರೇ ಬೆಳ್ಳಿ.

ಸರಿ, ಲ್ಯಾಪ್‌ಟಾಪಿನಲ್ಲಿ ಟ್ಯಾಗ್ ಬರೆಯುವ ತಂತ್ರಾಂಶ ತೆರೆದು ಮತ್ತೆ ಕೂತೆವು. ಆಗ ಸಿಕ್ಕ ತೊಡಕುಗಳು ನಾಲ್ಕು.

1. ಬೀಗ. ಮೊದಲ ಹಾಡೇ ಸೇವ್ ಆಗಲಿಲ್ಲ. ಮೆಮೊರಿ ಕಾರ್ಡ್ ಕೂರಿಸುವ ಅಡಾಪ್ಟರಿನ ಪಕ್ಕದಲ್ಲಿ ಉಗುರಿನಿಂದ ಸರಿಸುವ ಸಣ್ಣ ಗುಂಡಿ ಇರುತ್ತದೆ. ಅದು 'ಲಾಕ್' ಕಡೆಗಿತ್ತು. ಹಾಗಿದ್ದರೆ ಓದಬಹುದು, ಬರೆಯಲಾಗದು. ಹಿಂದಕ್ಕೆ ಸರಿಸಿದೆವು.

2. ಅವಸರ. ಹುಡುಗ ಒಂದು ಹೆಸರು ಟೈಪ್ ಮಾಡಿ ಸರ್ರನೆ ಮುಂದಿನ ಹಾಡಿಗೆ ಜಿಗಿದ. ತಿರುಗಿ ನೋಡಿದರೆ ಹಿಂದಿನದು ಖಾಲಿ! ಎಂಪಿ3ಟ್ಯಾಗ್, ಪಿಕಾರ್ಡ್‌ನಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಮೇಲೆ ಕಂಟ್ರೋಲ್ ಜೊತೆಗೆ ಎಸ್ ಒತ್ತಿ ಸೇವ್ ಮಾಡಬೇಕು. ಚಾಣದ ಪೆಟ್ಟು ಅದೇ.

3. ಹಾಡುತ್ತಿರುವ ಹಾಡು. ಅವನ ಅತ್ತಿ ಅದೇ ಲ್ಯಾಪ್‌ಟಾಪಿನಲ್ಲಿ ಜೋಗುಳ ಹಚ್ಚಿದ್ದಳು. ಪ್ಲೇಯರ್ ಹಿಡಿದುಕೊಂಡಿರುವ ಕಡತವನ್ನು ತಿದ್ದಲು ಕಂಪ್ಯೂಟರ್ ಬಿಡದೇ ಇರಬಹುದು. ಪ್ಲೇಯರ್ ಮುಚ್ಚಿದ ಕೂಡಲೇ ಸೇವ್ ಆಯಿತು.

4. ಹಳೆಯ ಸಿಡಿ. ಮುತ್ಯಾ ಕ್ಯಾಸೆಟ್ಟಿನಿಂದ ಸಿಡಿಗೆ ಹಾಕಿಸಿದ್ದ ಭಜನೆಗಳೂ ಕಾರ್ಡಿನಲ್ಲಿದ್ದವು. ಸಿಡಿಯಿಂದ ಬಂದ ಕಡತಗಳಿಗೆ ಕೆಲವೊಮ್ಮೆ 'ರೀಡ್ ಓನ್ಲಿ' ಗುರುತು ಅಂಟಿಕೊಂಡೇ ಬರುತ್ತದೆ. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ ಆ ಗುರುತು ತೆಗೆದೆವು.

ಒಂದೇ ಹಾಡು ಸೇವ್ ಮಾಡಿ, ತಂತ್ರಾಂಶ ಮುಚ್ಚಿ, ಆ ಹಾಡನ್ನು ಬೇರೆಯವರ ಮೊಬೈಲಿಗೆ ಹಾಕಿ ನೋಡಿ. ಹೆಸರು ಬಂದರೆ ಮಾತ್ರ ಉಳಿದವನ್ನು ಶುರುಮಾಡಿ. ಅಲ್ಲಿಯವರೆಗೆ ಮೂಲ ಹಾಡುಗಳನ್ನು ಅಳಿಸಬೇಡಿ.

ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ, ಚೌಕ ಕಂಡರೆ ಅದು ಬೇರೆ ರೋಗ. 1996ರಲ್ಲಿ ಬಂದ ಎಂಪಿ3 ಚೀಟಿಗೆ ಇದ್ದದ್ದು 128 ಬೈಟ್ ಜಾಗ, ಅದರಲ್ಲಿ ಹಾಡಿನ ಹೆಸರಿಗೆ 30 ಮಾತ್ರ. ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ. ನಂತರದ ಚೀಟಿಗಳು ಕನ್ನಡ ಹಿಡಿಯುತ್ತವೆ, ಆದರೆ ಕಾರಿನ ಕೆಲವು ಪ್ಲೇಯರ್‌ಗಳಿಗೆ ಅದನ್ನು ಓದಲು ಬರುವುದಿಲ್ಲ. ಅವಕ್ಕಾಗಿ ಕಡತದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಇಡಬಹುದು.

ಸಂಜೆಯವರೆಗೆ ಮೊಬೈಲ್ ನೋಡಿ ನೋಡಿ 39 ಹಾಡುಗಳಿಗೆ ಹೆಸರು ಕೂರಿಸಿದೆವು. ಉಳಿದ ಮೂರನ್ನು ಜಾಗ ಸಾಲದೆಂದು ಹುಡುಗ ಮೊಬೈಲಿನಿಂದ ಅಳಿಸಿದ್ದ. ಹಾಡು ಕಾರ್ಡಿನಲ್ಲಿದ್ದವು, ಕಲಿಸಿದವರ ಹೆಸರು ಎಲ್ಲೂ ಇರಲಿಲ್ಲ. ಸೋದರತ್ತೆಯ ಬೀಸುವ ಪದವೂ ಅದರಲ್ಲೊಂದು.

"ಆಯಿ, ಇದು ಯಾರು ಕಲಿಸಿದ್ರು, ಮತ್ತೊಮ್ಮೆ ಹೇಳು."

ಆಯಿ ಪಕ್ಕದಲ್ಲೇ ಕೂತಿದ್ದಳು. ಹೇಳಿದಳು. ಈ ಸಲ ಹುಡುಗ ಕಂಟ್ರೋಲ್-ಎಸ್ ಒತ್ತಿದ, ಆಮೇಲೆ ನೋಟುಬುಕ್ಕಿನಲ್ಲೂ ಬರೆದುಕೊಂಡ.

ಈ ವಾರದ ಕೆಲಸ: ಮಕ್ಕಳೇ, ಮನೆಯ ಹಿರಿಯರ ಒಂದು ಹಾಡು ರೆಕಾರ್ಡ್ ಮಾಡಿ, ಹೆಸರು ಕೂರಿಸಿ, ಬೇರೆ ಮೊಬೈಲಿನಲ್ಲಿ ಪರೀಕ್ಷಿಸಿ. ಹಿರಿಯರೇ, ಹಾಡಿ ಸುಮ್ಮನಾಗಬೇಡಿ. ಅದನ್ನು ನಿಮಗೆ ಕಲಿಸಿದವರು ಯಾರೆಂದೂ ಹೇಳಿ.