‘ನೆಟ್ಟಗೆ ಕೂತ್ಕೋ’ ಎನ್ನುವ ಮೊದಲು

ಬೋಧನಾಭ್ಯಾಸದಲ್ಲಿ ಜ್ಞಾನೇಂದ್ರಿಯಗಳ ಘಟಕ ಬಂದಾಗ ನಾವು ಕಣ್ಣಿಗೆ ನೋಡುವ ಕೆಲಸ, ಕಿವಿಗೆ ಕೇಳುವ ಮತ್ತು ಸಮತೋಲನದ ಕೆಲಸ ಎಂದು ಹಂಚಿಕೊಟ್ಟು ಪಾಠ ಮುಗಿಸುತ್ತೇವೆ. ಕಪ್ಪುಹಲಗೆಯ ಮೇಲೊಂದು ಚಿತ್ರ, ಭಾಗಗಳ ಹೆಸರು, ಕೊನೆಗೆ ಐದು ಪ್ರಶ್ನೆ. ಇದರಲ್ಲಿ ತಪ್ಪಿಲ್ಲ, ಆದರೆ ಅರ್ಧ ವಿಷಯ ಹೊರಗೇ ಉಳಿಯುತ್ತದೆ. ದೇಹವನ್ನು ನೆಟ್ಟಗೆ ನಿಲ್ಲಿಸುವುದರಲ್ಲಿ ಕಣ್ಣಿಗೂ ದೊಡ್ಡ ಪಾಲಿದೆ. ಅದನ್ನು ಕಲಿಸಬೇಕು, ಕಲಿಸುವವರು ಮಕ್ಕಳನ್ನು ಗಮನಿಸುವಾಗ ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಲೂಬೇಕು ಎಂಬುದು ನನ್ನ ಅಭಿಪ್ರಾಯ.

ನಾವು ಬೀಳದೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತದೆ. ಒಳಕಿವಿಯು ತಲೆ ತಿರುಗಿದ್ದನ್ನೂ ವಾಲಿದ್ದನ್ನೂ ತಿಳಿಸುತ್ತದೆ. ಪಾದದ ಚರ್ಮ, ಸ್ನಾಯು, ಕೀಲುಗಳು ಭಾರ ಎಲ್ಲಿ ಬಿದ್ದಿದೆ ಎಂದು ಹೇಳುತ್ತವೆ. ಕಣ್ಣು ಗೋಡೆ, ಕಂಬ, ನೆಲಗಳನ್ನು ಗುರುತಾಗಿ ತೋರಿಸುತ್ತದೆ. ಅನುಮಸ್ತಿಷ್ಕ ಮೊದಲಾದ ಭಾಗಗಳು ಇವನ್ನು ಹೊಂದಿಸಿ ಸ್ನಾಯುಗಳನ್ನು ಕ್ಷಣಕ್ಷಣಕ್ಕೂ ತಿದ್ದುತ್ತವೆ. 1974ರಲ್ಲಿ ಲೀ ಮತ್ತು ಆರನ್ಸನ್ ಎಂಬ ಸಂಶೋಧಕರು, ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ನೆಲ ಅಲುಗದೆ ಗೋಡೆ ಮಾತ್ರ ಸರಿಯುವ ಕೋಣೆಯಲ್ಲಿ ನಿಲ್ಲಿಸಿದರು. ಗೋಡೆ ಸರಿದಾಗ ಮಕ್ಕಳು ಓಲಾಡಿದರು, ಕೆಲವರು ಬಿದ್ದೇಬಿಟ್ಟರು. ಕಣ್ಣಿನ ಮಾತಿಗೆ ಮಿದುಳು ಕೊಡುವ ಬೆಲೆ ಅಷ್ಟು.

ಪಿಲ್ಲಗುಂಪೆಯಂಥ ಊರಿನ ಶಾಲೆಯಲ್ಲಿ ಈ ಪಾಠಕ್ಕೆ ಯಾವ ಉಪಕರಣವೂ ಬೇಡ. ಒಬ್ಬರು ಒಂಟಿಕಾಲಿನಲ್ಲಿ ನಿಲ್ಲಲಿ, ಜೊತೆಗಾರರು ಪಕ್ಕದಲ್ಲಿದ್ದು ಎಣಿಸಲಿ. ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ. ಎರಡು ಎಣಿಕೆಯನ್ನೂ ಕೋಷ್ಟಕದಲ್ಲಿ ಬರೆಯಲಿ. ಕುಂಟೆಬಿಲ್ಲೆಯಲ್ಲಿ ಕಣ್ಣು ಮುಚ್ಚಿ ಮನೆ ದಾಟುವುದು ಏಕೆ ಕಷ್ಟ ಎಂದು ಕೇಳಿದರೆ ಉತ್ತರ ಮಕ್ಕಳಿಂದಲೇ ಬರುತ್ತದೆ. ಕಣ್ಣು ಮುಚ್ಚಿದಾಗ ತೂರಾಡುವುದು ಸಹಜ, ಅದನ್ನು ದೋಷವೆನ್ನಬಾರದು. ಕಣ್ಣು ಕಾಣದವರು ನೆಟ್ಟಗೆ ನಡೆಯುವುದು ಹೇಗೆ ಎಂದು ಮಗುವೊಂದು ಕೇಳಿದರೆ ಪಾಠ ಇನ್ನೂ ಚೆನ್ನ: ಉಳಿದೆರಡು ದಾರಿಗಳು ಹೆಚ್ಚು ದುಡಿಯುತ್ತವೆ.

ಈಗ ಬೆಂಚಿನ ಕಡೆ ನೋಡೋಣ. ಪುಸ್ತಕಕ್ಕೆ ಮೂಗು ತಾಗುವಂತೆ ಬಗ್ಗುವ, ಕತ್ತು ಓರೆ ಮಾಡಿ ನೋಡುವ, ಕಣ್ಣು ಕಿರಿದು ಮಾಡುವ ಮಗುವಿಗೆ ನಾವು ‘ನೆಟ್ಟಗೆ ಕೂತ್ಕೋ’ ಎನ್ನುತ್ತೇವೆ. ಆದರೆ ಆ ಮಗು ಬಗ್ಗಿದ್ದರಿಂದಲೇ ಅಕ್ಷರ ಕಾಣುತ್ತಿರಬಹುದು. ಕತ್ತು ಓರೆ ಮಾಡಿದ್ದರಿಂದಲೇ ಎರಡಾಗಿ ಕಾಣುವುದು ಒಂದಾಗುತ್ತಿರಬಹುದು. ನೆಟ್ಟಗೆ ಕೂರಿಸಿದರೆ ನಾವು ಅದರ ಓದನ್ನೇ ಕಿತ್ತುಕೊಂಡಂತೆ. ಬಗ್ಗುವವರಿಗೆಲ್ಲ ದೃಷ್ಟಿದೋಷವಿದೆ ಎಂದಲ್ಲ. ಬೆಂಚಿನ ಎತ್ತರ, ಆಯಾಸ, ಅಭ್ಯಾಸವೂ ಕಾರಣವಿರಬಹುದು. ಗದರುವ ಮೊದಲು ಕಾರಣ ಕೇಳಬೇಕು, ಅಷ್ಟೇ.

ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಪುರಸೊತ್ತೆಲ್ಲಿ, ನಾವೇನು ವೈದ್ಯರೇ ಎಂದು ಕೆಲವರು ಕೇಳಬಹುದು. ಚಿಕಿತ್ಸೆ ನಮ್ಮದಲ್ಲ, ನಿಜ. ಗಮನಿಸಿ ತಿಳಿಸುವುದು ನಮ್ಮದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳ ತಪಾಸಣೆಗೆ ಅವಕಾಶವಿದೆ. ಆದರೆ ತಂಡ ಬಂದ ದಿನ ಗೈರುಹಾಜರಾದವರು, ಆಮೇಲೆ ಸೇರಿದವರು ತಪ್ಪಿಹೋಗುತ್ತಾರೆ. ಪಿಲ್ಲಗುಂಪೆ ಕೈಗಾರಿಕಾ ಪ್ರದೇಶ. ಕೆಲಸ ಹುಡುಕಿ ಬರುವ ಕುಟುಂಬಗಳ ಮಕ್ಕಳು ವರ್ಷದ ನಡುವೆ ಸೇರುವುದೂ ಬಿಡುವುದೂ ಇಂಥ ಕಡೆ ಸಾಮಾನ್ಯ. ಅವರನ್ನು ದಿನವೂ ನೋಡುವವರು ಶಿಕ್ಷಕರು ಮಾತ್ರ.

ಆದ್ದರಿಂದ ನನ್ನ ಸಲಹೆ ಚಿಕ್ಕದು. ಪ್ರಶಿಕ್ಷಣಾರ್ಥಿಗಳ ವೀಕ್ಷಣಾ ಪುಸ್ತಕದಲ್ಲಿ ಒಂದು ಕಲಂ ಸೇರಿಸೋಣ: ‘ಕೂರುವ, ನೋಡುವ ರೀತಿ’. ಸಂಶಯ ಬಂದರೆ ಮಗುವನ್ನು ಮುಂದಿನ ಸಾಲಿಗೆ ಕರೆದು, ಮುಖ್ಯ ಶಿಕ್ಷಕರಿಗೂ ಪೋಷಕರಿಗೂ ತಿಳಿಸೋಣ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕಣ್ಣು ತೋರಿಸಿದ ಮೇಲೆ ಬೇಕಾದರೆ ‘ನೆಟ್ಟಗೆ ಕೂತ್ಕೋ’ ಎನ್ನೋಣ.